ಬೇಸಿಗೆ ಮಳೆಯ ನಡುವೆ ಹೆಬ್ಬಳಿಲಿನ ಹುಡುಕಾಟ

ಕನಕಪುರದಿಂದ ದಕ್ಷಿಣಕ್ಕೆ ಸುಮಾರು 35 ಕಿ.ಮೀ. ಸಾಗಿದರೆ ಸಂಗಮ. ನಂದಿಬೆಟ್ಟದಲ್ಲಿ ಹುಟ್ಟಿ, ಮಾಗಡಿ, ರಾಮನಗರ, ಕನಕಪುರಗಳ ನೆಲವನ್ನು ಹಾದು ಬರುವ ಅರ್ಕಾವತಿ ಇಲ್ಲಿ ಕಾವೇರಿಯನ್ನು ಸೇರುತ್ತದೆ. ಮಾರ್ಚ್ ಕೊನೆಯ ಹೊತ್ತಿಗೆ ಸುತ್ತಲ ಗುಡ್ಡಗಳ ಕುರುಚಲು ಕಾಡು ಎಲೆ ಉದುರಿಸಿಕೊಂಡು ಬಣಗುಡುತ್ತಿರುತ್ತದೆ. ಹಸಿರು ಉಳಿಯುವುದು ಹೊಳೆಯ ಎರಡೂ ದಂಡೆಗಳ ಕಿರಿದಾದ ಪಟ್ಟಿಯಲ್ಲಿ. ಹೊಳೆಮತ್ತಿ, ಹುಣಿಸೆ, ನೇರಳೆ, ಹೊಂಗೆ, ಅತ್ತಿ ಮರಗಳು ಅಲ್ಲಿ ಕೊಂಬೆಗೆ ಕೊಂಬೆ ತಾಗಿಸಿಕೊಂಡು ನಿಂತಿರುತ್ತವೆ. ಆ ಮರಗಳ ನೆತ್ತಿಯಲ್ಲಿ ಬದುಕುವ ಪ್ರಾಣಿ ಬೂದು ಹೆಬ್ಬಳಿಲು. ವಿಜ್ಞಾನದ ಹೆಸರು ರಟೂಫಾ ಮ್ಯಾಕ್ರೂರಾ. ಪ್ರಪಂಚದಲ್ಲಿ ಇದು ಇರುವುದು ಶ್ರೀಲಂಕಾದಲ್ಲಿ ಮತ್ತು ದಕ್ಷಿಣ ಭಾರತದ ಕೆಲವೇ ತುಣುಕು ಕಾಡುಗಳಲ್ಲಿ.

ಇದನ್ನು ನೋಡಲು, ಕ್ಯಾಮೆರಾದಲ್ಲಿ ಹಿಡಿಯಲು ಹೊರಡುವವರಿಗೆ ಮಾರ್ಚ್‌ನಿಂದ ಮೇವರೆಗಿನ ಕಾಲ ಅನುಕೂಲದ್ದೂ ಹೌದು, ಕಷ್ಟದ್ದೂ ಹೌದು. ಹಿನ್ನೆಲೆಯ ಕಾಡು ಬೋಳಾಗಿರುವುದರಿಂದ ಪ್ರಾಣಿಗಳು ನದಿಯ ಬಳಿಗೆ ಬಂದು ಸೇರುತ್ತವೆ. ಶಾಲೆಗಳಿಗೆ ರಜೆ ಇರುತ್ತದೆ. ಆದರೆ ಬೆಳಿಗ್ಗೆ ನೀಲಿಯಾಗಿದ್ದ ಆಕಾಶ ಸಂಜೆ ನಾಲ್ಕಕ್ಕೆ ಕಪ್ಪಾಗಿ, ಬಿರುಗಾಳಿ, ಸಿಡಿಲು, ಕೆಲವೊಮ್ಮೆ ಆಲಿಕಲ್ಲನ್ನೂ ಸುರಿಸಿಬಿಡುತ್ತದೆ. 2024ರ ಏಪ್ರಿಲ್ ಇಡೀ ತಿಂಗಳು ಬೆಂಗಳೂರು ನಗರದ ಹವಾಮಾನ ಕೇಂದ್ರದಲ್ಲಿ ಮಳೆ ದಾಖಲಾಗಲಿಲ್ಲ. 2025ರ ಮೇ ತಿಂಗಳಲ್ಲಿ ಅದೇ ಕೇಂದ್ರದಲ್ಲಿ 300 ಮಿ.ಮೀ. ಮೀರಿ ಮಳೆ ಬಿದ್ದು ಹೊಸ ದಾಖಲೆಯಾಯಿತು. ಒಂದೇ ಊರಿನ ಬೇಸಿಗೆ ವರ್ಷದಿಂದ ವರ್ಷಕ್ಕೆ ಇಷ್ಟು ಬದಲಾಗುವಾಗ ಪ್ರವಾಸದ ದಿನವನ್ನು ಗೊತ್ತು ಮಾಡುವುದು ಹೇಗೆ?

ಉತ್ತರಕ್ಕೆ ಎರಡು ಸಂಗತಿಗಳನ್ನು ತಿಳಿಯಬೇಕು. ಅಳಿಲಿನ ದಿನಚರಿಯನ್ನು ಹವೆ ಹೇಗೆ ಆಳುತ್ತದೆ ಎಂಬುದು ಒಂದು. ಬೇಸಿಗೆ ಮಳೆಯ ಅನಿಶ್ಚಿತತೆಗೂ ಒಂದು ಕ್ರಮ ಇದೆ ಎಂಬುದು ಇನ್ನೊಂದು.

ನೆಲದಳಿಲು ಮತ್ತು ಮರದಳಿಲು

ಮೊದಲ ಸಂಗತಿಗೆ ದೂರದ ಒಂದು ಉದಾಹರಣೆ ನೋಡೋಣ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ವಸಂತ ಬಂತೆಂದರೆ ಹವೆಯ ಮೇಲೆ ಕಣ್ಣಿಟ್ಟು ಕೂರುವ ಒಂದು ವರ್ಗವಿದೆ. ಅವರು ನೆಲದಳಿಲಿನ ಬೇಟೆಗಾರರು. ಆರೆಗಾನ್ ಮತ್ತು ಉತ್ತರ ಕ್ಯಾಲಿಫೋರ್ನಿಯದ ಕುದುರೆ ಮಸಾಲೆ ಹೊಲಗಳಲ್ಲಿ ಬೆಲ್ಡಿಂಗ್ ನೆಲದಳಿಲುಗಳು ಬಿಲ ತೋಡಿ ಮೇವನ್ನು ತಿಂದು ಹಾಕುತ್ತವೆ. ರೈತರಿಗೆ ಅವು ಪೀಡೆ. ಈ ಅಳಿಲುಗಳು ವರ್ಷದಲ್ಲಿ ಏಳೆಂಟು ತಿಂಗಳು ಬಿಲದೊಳಗೆ ದೀರ್ಘ ನಿದ್ದೆಯಲ್ಲಿರುತ್ತವೆ. ಹಿಮ ಕರಗುವ ಹೊತ್ತಿಗೆ ಮೊದಲು ಗಂಡುಗಳು, ಆಮೇಲೆ ಹೆಣ್ಣುಗಳು ಹೊರಬರುತ್ತವೆ. ಬಿಸಿಲು ಬಿದ್ದ ದಿನ ಹೊಲದ ತುಂಬ ಅಳಿಲು ಕಂಡರೆ, ತಣ್ಣನೆ ಗಾಳಿ ಬೀಸಿದ ದಿನ ಅದೇ ಹೊಲ ಖಾಲಿ. ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದ ಬೇಟೆಗಾರ ಬರಿಗೈಯಲ್ಲಿ ಮರಳುತ್ತಾನೆ.

ಹವೆಗೂ ಈ ಪ್ರಾಣಿಗೂ ಇರುವ ನಂಟು ಬೇಟೆಯ ಅದೃಷ್ಟಕ್ಕಿಂತ ಆಳವಾದದ್ದು. ಮಾರ್ಟನ್ ಮತ್ತು ಶೆರ್ಮನ್ ಎಂಬ ವಿಜ್ಞಾನಿಗಳು ಕ್ಯಾಲಿಫೋರ್ನಿಯದ ಎತ್ತರದ ಬೆಟ್ಟಗಳಲ್ಲಿ ಬೆಲ್ಡಿಂಗ್ ಅಳಿಲುಗಳನ್ನು ಗಮನಿಸುತ್ತಿದ್ದಾಗ, ವಸಂತದ ನಡುವೆ ಬಂದೆರಗಿದ ಹಿಮಗಾಳಿ ಅವುಗಳ ನಡವಳಿಕೆ, ಸಂತಾನ, ಉಳಿವು ಮೂರನ್ನೂ ಕದಡಿತು. ಆ ಅಧ್ಯಯನ 1978ರಲ್ಲಿ ಪ್ರಕಟವಾಯಿತು. ಇನ್ನೂ ಉತ್ತರಕ್ಕೆ, ಅಲಾಸ್ಕದ ಆರ್ಕ್ಟಿಕ್ ನೆಲದಳಿಲಿನ ಮೈಯುಷ್ಣತೆ ನಿದ್ದೆಯ ಕಾಲದಲ್ಲಿ ಸೊನ್ನೆಗಿಂತ ಕೆಳಗೆ, ಮೈನಸ್ 2.9 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುತ್ತದೆಂದು ಬ್ರಯನ್ ಬಾರ್ನ್ಸ್ 1989ರಲ್ಲಿ ತೋರಿಸಿದರು. ಮರಳುಗಾಡಿನ ಸೀಮೆಯಲ್ಲಿ ಸಮಸ್ಯೆ ತಲೆಕೆಳಗು. ದಕ್ಷಿಣ ಆಫ್ರಿಕದ ಕೇಪ್ ನೆಲದಳಿಲು ಉರಿಬಿಸಿಲಿನಲ್ಲಿ ತನ್ನ ಪೊದೆ ಬಾಲವನ್ನೇ ಬೆನ್ನ ಮೇಲೆ ಕೊಡೆಯಾಗಿ ಹಿಡಿದು ಮೇಯುತ್ತದೆ.

ನಮ್ಮ ದಕ್ಷಿಣ ಭಾರತದಲ್ಲಿ ಈ ವಂಶದ ನೆಲದಳಿಲುಗಳಿಲ್ಲ. ಅವುಗಳ ಬಂಧುವಾದ ಮಾರ್ಮೊಟ್ ಇರುವುದು ಹಿಮಾಲಯದಲ್ಲಿ. ರಾಮನಗರ ಸೀಮೆಯ ರಾಗಿ ಹೊಲದ ಬದುಗಳಲ್ಲಿ ಬಿಲ ತೋಡುವ ಕೆಲಸ ಬಯಲಿಲಿಗಳದ್ದು ಮತ್ತು ಹೆಗ್ಗಣಗಳದ್ದು. ನಮ್ಮ ಅಳಿಲುಗಳೆಲ್ಲ ಮರ ಹತ್ತುವವು. ದೀರ್ಘ ನಿದ್ದೆಯೂ ಅವಕ್ಕಿಲ್ಲ. ಹಾಗೆಂದು ಅವು ಹವೆಯ ಹಿಡಿತದಿಂದ ಪಾರಾಗಿಲ್ಲ. ವರ್ಷದ ಗಡಿಯಾರದ ಬದಲು ದಿನದ ಗಡಿಯಾರ ಅವನ್ನು ಆಳುತ್ತದೆ.

ಚಿಕ್ಕ ದೇಹದ ಬಿಸಿನೆತ್ತರ ಪ್ರಾಣಿಗೆ ಒಂದು ಕಷ್ಟವಿದೆ. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಆದ್ದರಿಂದ ಹೊರಗಿನ ಬಿಸಿ ಬೇಗ ಒಳಗೆ ಬರುತ್ತದೆ, ಒಳಗಿನ ಬಿಸಿ ಬೇಗ ಹೊರಗೆ ಹೋಗುತ್ತದೆ. ತುಪ್ಪಳ ಒದ್ದೆಯಾದರೆ ಅದರ ನಡುವೆ ನಿಂತ ಗಾಳಿಯ ಪದರ ಅಳಿದು, ಬಿಸಿ ಕಾಯುವ ಗುಣ ಕುಗ್ಗುತ್ತದೆ. ಅದಕ್ಕಾಗಿಯೇ ಜೋರು ಮಳೆಯಲ್ಲಿ ಅಳಿಲು ಗೂಡು ಬಿಟ್ಟು ಬರುವುದಿಲ್ಲ, ನಡು ಮಧ್ಯಾಹ್ನದ ಝಳದಲ್ಲಿ ಓಡಾಡುವುದಿಲ್ಲ. ಬೇಸಿಗೆಯಲ್ಲಿ ಹೆಬ್ಬಳಿಲು ಬೆಳಗಿನ ಮೂರ್ನಾಲ್ಕು ಗಂಟೆ ಚುರುಕಾಗಿ ಮೇಯ್ದು, ಹೊತ್ತೇರಿದ ಮೇಲೆ ನೆರಳಿನ ಕೊಂಬೆಯೊಂದರ ಮೇಲೆ ಹೊಟ್ಟೆ ಆನಿಸಿ, ಕಾಲು ಇಳಿಬಿಟ್ಟು ಮಲಗಿಬಿಡುತ್ತದೆ. ಸಂಜೆ ತಂಪಾದಾಗ ಮತ್ತೊಂದು ಸುತ್ತು ಮೇವು. ಆ ಸಂಜೆಯ ಸುತ್ತಿನ ಹೊತ್ತಿಗೇ ಗುಡುಗು ಮಳೆಯೂ ಬರುವುದರಿಂದ ನೋಡುವವರ ಪಾಲಿಗೆ ನಂಬಿಕೆಯ ಹೊತ್ತು ಬೆಳಗು ಒಂದೇ.

ಕಾವೇರಿ ದಂಡೆಯ ಹೆಬ್ಬಳಿಲು

ಮರಗಳ ಮೇಲಿನ ದೊಡ್ಡ ಅಳಿಲುಗಳ ಕುಲವಾದ ರಟೂಫಾದಲ್ಲಿ ನಾಲ್ಕು ಪ್ರಭೇದಗಳಿವೆ. ಮಲೆನಾಡಿನವರಿಗೆ ಗೊತ್ತಿರುವ ಕೆಂದಳಿಲು ಅವುಗಳಲ್ಲೊಂದು. ಬೂದು ಹೆಬ್ಬಳಿಲು ನಾಲ್ಕರಲ್ಲಿ ಚಿಕ್ಕದು. ಹಾಗಿದ್ದೂ ಅದರ ತೂಕ ಒಂದೂವರೆಯಿಂದ ಎರಡು ಕಿಲೋ. ತಲೆ ಮತ್ತು ಮೈ ಸೇರಿ 25ರಿಂದ 45 ಸೆಂ.ಮೀ., ಬಾಲವೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಬೆನ್ನಿನ ಕಂದುಬೂದು ಕೂದಲ ನಡುವೆ ಬಿಳಿ ಎಳೆಗಳು ಸೇರಿ ನರೆತಂತೆ ಕಾಣುತ್ತದೆ. ತಮಿಳುನಾಡಿನ ಶ್ರೀವಿಲ್ಲಿಪುತ್ತೂರಿನಲ್ಲಿ ಇದಕ್ಕೆಂದೇ 1988ರಲ್ಲಿ ಅಭಯಾರಣ್ಯ ರಚನೆಯಾಯಿತು. ಕೇರಳದ ಚಿನ್ನಾರ್‌ನಲ್ಲೂ ಇದೆ. ಕಾವೇರಿ ಕಣಿವೆಯ ಕರ್ನಾಟಕದ ಭಾಗದಲ್ಲಿ ಇದು ಇರುವುದನ್ನು 1992ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆ ದಾಖಲಿಸಿತು. ಆ ಹೊತ್ತಿಗೆ ಕಾವೇರಿ ವನ್ಯಜೀವಿ ಧಾಮ ರಚನೆಯಾಗಿ ಐದು ವರ್ಷವಾಗಿತ್ತು.

ಇದರ ಬದುಕಿಗೆ ಒಂದು ಕಟ್ಟುಪಾಡಿದೆ. ಸಾಧ್ಯವಾದಷ್ಟೂ ಅದು ನೆಲಕ್ಕಿಳಿಯುವುದಿಲ್ಲ. ಗೂಡು ಕಟ್ಟಲು ಅಕ್ಕಪಕ್ಕದ ಮರಗಳ ಕೊಂಬೆಗಳು ಒಂದಕ್ಕೊಂದು ತಾಗಿರುವ ಜಾಗವನ್ನೇ ಆರಿಸುತ್ತದೆ. ಹದ್ದು ಮೇಲಿನಿಂದ ಎರಗಿದರೂ ಚಿರತೆ ಕೆಳಗಿನಿಂದ ಹತ್ತಿದರೂ ತಪ್ಪಿಸಿಕೊಳ್ಳಲು ಪಕ್ಕದ ಮರಕ್ಕೆ ದಾರಿ ಇರಬೇಕು. ಹೊಳೆಮತ್ತಿಯಂಥ ಎತ್ತರದ ಮರಗಳು ಸಾಲಾಗಿ ನಿಂತ ನದಿದಂಡೆ ಅದಕ್ಕೆ ಮನೆಯೂ ಹೌದು, ರಸ್ತೆಯೂ ಹೌದು. ಆ ಸಾಲಿನಲ್ಲಿ ನಾಲ್ಕು ಮರ ಕಡಿದರೆ ರಸ್ತೆ ತುಂಡಾಗುತ್ತದೆ.

ಹುಡುಕುವವರು ಮೊದಲು ಕಿವಿ ಬಳಸಬೇಕು, ಆಮೇಲೆ ಕಣ್ಣು. ಗಾಳಿಯಿಲ್ಲದ ಬೆಳಗಿನಲ್ಲಿ ಕಾಯಿಯ ಸಿಪ್ಪೆ, ಕಡಿದ ಚಿಗುರು ತರಗೆಲೆಯ ಮೇಲೆ ಬೀಳುವ ಸದ್ದು ದೂರಕ್ಕೆ ಕೇಳುತ್ತದೆ. ಅದರ ಗಟ್ಟಿಯಾದ ಕಟಕಟ ಕೂಗು ಇನ್ನೂ ದೂರಕ್ಕೆ. ಗಾಳಿ ಎದ್ದರೆ ಇಡೀ ಮರವೇ ಅಲುಗಾಡಿ, ಅಳಿಲಿನ ಚಲನೆ ಎಲೆಗಳ ಚಲನೆಯೊಳಗೆ ಕಳೆದುಹೋಗುತ್ತದೆ. ಬೇಸಿಗೆಯಲ್ಲಿ ನೆಲ ಕಾದಂತೆ ಗಾಳಿ ಏಳುವುದರಿಂದ, ಸೂರ್ಯೋದಯದ ನಂತರದ ಮೊದಲ ಎರಡು ಗಂಟೆಗೆ ಬೆಲೆ ಹೆಚ್ಚು. ಹಿಂದಿನ ಸಂಜೆ ಮಳೆ ಬಿದ್ದಿದ್ದರೆ ಇನ್ನೂ ಒಳ್ಳೆಯದು. ಧೂಳು ಅಡಗಿ ಗಾಳಿ ತಿಳಿಯಾಗಿರುತ್ತದೆ, ಹಸಿ ನೆಲದಿಂದ ಈಸಲು ಎದ್ದು ಹಕ್ಕಿಗಳಿಗೆ ಹಬ್ಬವಾಗಿರುತ್ತದೆ, ಕಾಡುದಾರಿಯಲ್ಲಿ ರಾತ್ರಿ ಯಾರು ನಡೆದರೆಂಬುದು ಹೆಜ್ಜೆಗುರುತಿನಲ್ಲಿ ಅಚ್ಚಾಗಿರುತ್ತದೆ.

ಈ ಓದು ಹಳೆಯ ಶಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಮರಸು ಕೂರುವವರು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನೆಲ ಎಷ್ಟು ಹಸಿಯಾಗಿದೆ, ಮೋಡ ಎಲ್ಲಿ ಕಟ್ಟುತ್ತಿದೆ ಎಂದು ನೋಡದೆ ಕೂರುತ್ತಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ಮೂಲಕ ಕನ್ನಡಿಗರಿಗೆ ಪರಿಚಿತನಾದ ಶಿಕಾರಿ ಕೆನೆತ್ ಆಂಡರ್ಸನ್ ಮಾಗಡಿ ಬೆಟ್ಟಗಳ ಚಿರತೆಯ ಬಗ್ಗೆಯೂ ಬರೆದಿದ್ದಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ನೆಲದಲ್ಲಿ ಶಿಕಾರಿಯ ಕಾಲವನ್ನು ಮುಗಿಸಿತು. ಹೆಬ್ಬಳಿಲಿಗೆ ಆ ಕಾಯ್ದೆಯ ಕಟ್ಟುನಿಟ್ಟಿನ ರಕ್ಷಣೆ ಇದೆ. ಅದಕ್ಕೆ ಈಡು ಹೊಡೆಯುವುದು, ಬಲೆ ಒಡ್ಡುವುದು ಜೈಲಿಗೆ ದಾರಿ. ಬಂದೂಕು ಹೋಗಬೇಕಿತ್ತು, ಹೋಯಿತು. ಗಾಳಿ, ನೆಲ, ಮೋಡ ಓದುವ ಆ ವಿದ್ಯೆ ಮಾತ್ರ ಕ್ಯಾಮೆರಾ ಹಿಡಿದವರ ಕೈಗೆ ದಾಟಬೇಕು.

ಮಧ್ಯಾಹ್ನದ ಮೋಡ

ಮಾರ್ಚ್‌ನಿಂದ ಮೇವರೆಗೆ ದಕ್ಷಿಣ ಒಳನಾಡಿನ ಮಳೆ ಮುಂಗಾರಿನ ಮಳೆಯಂತಲ್ಲ. ಮುಂಗಾರು ದೊಡ್ಡ ಪ್ರದೇಶವನ್ನು ದಿನಗಟ್ಟಲೆ ಆವರಿಸುತ್ತದೆ. ಬೇಸಿಗೆ ಮಳೆ ಆಯಾ ದಿನದ ಬಿಸಿಲಿನಿಂದ ಹುಟ್ಟಿ ಆಯಾ ದಿನವೇ ಸಾಯುತ್ತದೆ.

ಬೆಳಿಗ್ಗೆಯಿಂದ ಬಿಸಿಲು ನೆಲವನ್ನು ಕಾಯಿಸುತ್ತದೆ. ನೆಲಕ್ಕೆ ತಾಗಿದ ಗಾಳಿ ಬಿಸಿಯಾಗಿ, ಹಗುರಾಗಿ ಮೇಲೇಳುತ್ತದೆ. ಬಂಗಾಳ ಕೊಲ್ಲಿಯಿಂದಲೋ ಅರಬ್ಬೀ ಸಮುದ್ರದಿಂದಲೋ ತೇವ ಬಂದು ಸೇರಿದ್ದರೆ, ಮೇಲೇರಿದ ಗಾಳಿ ತಣಿದಾಗ ಆ ತೇವ ಹನಿಯಾಗುತ್ತದೆ. ಹನಿಗಟ್ಟುವಾಗ ಬಿಡುಗಡೆಯಾಗುವ ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆ ನೂಕುತ್ತದೆ. ಹನ್ನೊಂದು ಗಂಟೆಗೆ ಹತ್ತಿಯ ಉಂಡೆಗಳಷ್ಟಿದ್ದ ಮೋಡ ಮೂರು ನಾಲ್ಕು ಗಂಟೆಗೆ ಹತ್ತು ಹನ್ನೆರಡು ಕಿ.ಮೀ. ಎತ್ತರದ ಗುಡುಗು ಮೋಡವಾಗಿ ನಿಲ್ಲುತ್ತದೆ. ಈ ತಿಂಗಳುಗಳಲ್ಲಿ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ದಕ್ಷಿಣಕ್ಕೆ ಚಾಚುವ ಕಡಿಮೆ ಒತ್ತಡದ ಪಟ್ಟಿಯೊಂದು ಆಗಾಗ ಏರ್ಪಡುತ್ತದೆ. ಎರಡು ಕಡೆಯ ಗಾಳಿ ಅಲ್ಲಿ ಬಂದು ಸೇರಿದ ದಿನ ಇಡೀ ಸೀಮೆಯಲ್ಲಿ ಗುಡುಗು.

ಒಂದೊಂದು ಗುಡುಗು ಮೋಡದ ಅಗಲ ಕೆಲವೇ ಕಿಲೋಮೀಟರು. ಆಯಸ್ಸು ಒಂದು ಗಂಟೆಯ ಆಸುಪಾಸು. ಸಾಯುವಾಗ ಅದು ತಣ್ಣನೆ ಗಾಳಿಯನ್ನು ನೆಲಕ್ಕೆ ಕೆಡವುತ್ತದೆ. ಆ ಗಾಳಿ ಸುತ್ತಲೂ ಹರಡಿ ಪಕ್ಕದ ಬಿಸಿಗಾಳಿಯನ್ನು ಮೇಲೆತ್ತಿ ಹೊಸ ಮೋಡ ಹುಟ್ಟಿಸುತ್ತದೆ. ಚನ್ನಪಟ್ಟಣದಲ್ಲಿ ಚರಂಡಿ ತುಂಬಿ ಹರಿದ ದಿನವೇ ರಾಮನಗರದಲ್ಲಿ ರಸ್ತೆಯ ಧೂಳು ಕೂಡ ಅಡಗದೆ ಇರುವುದು ಇದರಿಂದಲೇ. ಮುದ್ದೆಗೆ ಎಸರಿಟ್ಟಾಗ ನೀರು ಕುದಿಯುತ್ತದೆಂಬುದು ಖಚಿತ, ಎಷ್ಟು ಹೊತ್ತಿಗೆ ಎಂಬುದೂ ಅಂದಾಜು ಗೊತ್ತು. ಮೊದಲ ಗುಳ್ಳೆ ಪಾತ್ರೆಯ ಯಾವ ಮೂಲೆಯಲ್ಲಿ ಏಳುತ್ತದೆಂದು ಮಾತ್ರ ಯಾರೂ ಹೇಳಲಾರರು. ಬೇಸಿಗೆ ಮಳೆಯ ಅನಿಶ್ಚಿತತೆ ಆ ಬಗೆಯದು.

ಗಣಿತ ಇದನ್ನು ಚೆನ್ನಾಗಿ ವಿವರಿಸುತ್ತದೆ. ಹವೆಯ ಲೆಕ್ಕದಲ್ಲಿ ಆರಂಭದ ಸಣ್ಣ ತಪ್ಪು ಬೆಳೆಯುತ್ತ ಹೋಗುತ್ತದೆಂದು ಎಡ್ವರ್ಡ್ ಲೊರೆನ್ಜ್ 1963ರಲ್ಲಿ ತೋರಿಸಿದರು. 1969ರಲ್ಲಿ ಅವರೇ ಇನ್ನೊಂದು ಹೆಜ್ಜೆ ಮುಂದೆ ಹೋದರು: ವಿದ್ಯಮಾನ ಚಿಕ್ಕದಾದಷ್ಟೂ ಅದರ ತಪ್ಪು ಬೇಗ ಬೆಳೆಯುತ್ತದೆ. ಸಾವಿರ ಕಿ.ಮೀ. ಹರವಿನ ವಾಯುಭಾರ ಕುಸಿತವನ್ನು ದಿನಗಳ ಮೊದಲೇ ಹೇಳಬಹುದು. ಹತ್ತು ಕಿ.ಮೀ. ಅಗಲದ ಗುಡುಗು ಮೋಡವನ್ನು ಹೇಳಲು ಸಿಗುವುದು ಕೆಲವು ಗಂಟೆ. ಹವಾಮಾನ ಇಲಾಖೆ 2025ರ ಮೇ ತಿಂಗಳಲ್ಲಿ ಆರಂಭಿಸಿದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಹಿಂದಿನ 12 ಕಿ.ಮೀ. ಚೌಕಗಳ ಬದಲು 6 ಕಿ.ಮೀ. ಚೌಕಗಳಲ್ಲಿ ಲೆಕ್ಕ ಹಾಕುತ್ತದೆ. ಇದು ದೊಡ್ಡ ಸುಧಾರಣೆ. ಆದರೂ ಸಂಗಮದ ಮೇಲೆ ನಾಡಿದ್ದು ನಾಲ್ಕು ಗಂಟೆಗೆ ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಯಾವ ಯಂತ್ರವೂ ಪ್ರಮಾಣ ಮಾಡಿ ಹೇಳಲಾರದು.

ನಾಲ್ಕು ನಿರ್ಧಾರ, ನಾಲ್ಕು ಮುನ್ಸೂಚನೆ

ಪ್ರವಾಸ ಕೆಡುವುದು ಹೆಚ್ಚಾಗಿ ಮಳೆಯಿಂದಲ್ಲ, ತಿಳಿವಳಿಕೆ ಬರುವ ಮೊದಲೇ ನಿರ್ಧಾರ ಮಾಡಿಬಿಡುವುದರಿಂದ. ಪ್ರತಿ ನಿರ್ಧಾರಕ್ಕೂ ಅದಕ್ಕೆ ತಕ್ಕ ಮುನ್ಸೂಚನೆ ಒಂದಿದೆ. ಅದು ಬರುವವರೆಗೆ ಆ ನಿರ್ಧಾರವನ್ನು ತೆರೆದಿಡಬೇಕು.

ಮೊದಲನೆಯದು ಯಾವ ತಿಂಗಳಲ್ಲಿ ಹೋಗುವುದು ಎಂಬುದು. ಇದಕ್ಕೆ ಬೇಕಾದದ್ದು ಹಳೆಯ ವರ್ಷಗಳ ಸರಾಸರಿ. ಬೆಂಗಳೂರಿನ ಸುತ್ತಲ ಸೀಮೆಯಲ್ಲಿ ಮೇ ತಿಂಗಳ ಸರಾಸರಿ ಮಳೆ ಏಪ್ರಿಲ್‌ನ ಸುಮಾರು ಎರಡು ಪಟ್ಟು. ನಮ್ಮ ರೈತರ ಮಳೆ ನಕ್ಷತ್ರಗಳ ಲೆಕ್ಕವೂ ಇಂಥದೇ ಸರಾಸರಿಯ ಪಂಚಾಂಗ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ಕೊನೆಯಲ್ಲಿ ಭರಣಿ, ಮೇ ಎರಡನೇ ವಾರದಿಂದ ಕೃತ್ತಿಕಾ, ಆಮೇಲೆ ರೋಹಿಣಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಯುಗಾದಿಯ ಹೊನ್ನಾರಿನಿಂದ ಹಿಡಿದು ಬಿತ್ತನೆಯವರೆಗೆ ಉಳುಮೆಯ ಕ್ರಮವೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಇಂಥ ದಿನ ಮಳೆ ಬಂದೇ ಬರುತ್ತದೆಂದು ಅದು ಹೇಳುವುದಿಲ್ಲ. ಯಾವ ಹದಿನೈದು ದಿನದಲ್ಲಿ ಮಳೆ ನಿರೀಕ್ಷಿಸಬಹುದು ಎಂದು ಹೇಳುತ್ತದೆ. ಹೆಬ್ಬಳಿಲಿಗಾಗಿ ಹೊರಡುವವರಿಗೆ ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಮಳೆಯ ಅಡ್ಡಿ ಕಡಿಮೆ, ಸೆಕೆ ಹೆಚ್ಚು. ಭರಣಿಯ ನಂತರ ಸೆಕೆ ತಗ್ಗಿ ಅಡ್ಡಿ ಹೆಚ್ಚುತ್ತದೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂದಿತ್ತು. ಆದ್ದರಿಂದ ಮೇ ಕೊನೆಯ ವಾರವನ್ನು ಬೇಸಿಗೆಯೆಂದು ನಂಬಬಾರದು.

ಎರಡನೆಯದು ಯಾವ ದಿನ, ಎಷ್ಟು ರಾತ್ರಿ ಎಂಬುದು. ಇದಕ್ಕೆ ಮೂರರಿಂದ ಐದು ದಿನಗಳ ಮುನ್ಸೂಚನೆ ಸಾಕು. ಅದರ ಭಾಷೆಯನ್ನು ಸರಿಯಾಗಿ ಓದಬೇಕು. ಹವಾಮಾನ ಇಲಾಖೆ ಒಂದು ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗಿನ ಕೇಂದ್ರಗಳಲ್ಲಿ ಮಳೆ ನಿರೀಕ್ಷಿಸಿದರೆ ಒಂದೆರಡು ಕಡೆ ಎನ್ನುತ್ತದೆ, 26ರಿಂದ 50 ಆದರೆ ಕೆಲವೆಡೆ, 51ರಿಂದ 75 ಆದರೆ ಹಲವೆಡೆ, ಅದಕ್ಕೂ ಮೀರಿದರೆ ಬಹುತೇಕ ಎಲ್ಲೆಡೆ. ‘ದಕ್ಷಿಣ ಒಳನಾಡಿನ ಒಂದೆರಡು ಕಡೆ ಗುಡುಗು ಮಳೆ’ ಎಂದು ಕೇಳಿ ಪ್ರವಾಸ ರದ್ದು ಮಾಡುವವರು, ನಾಲ್ಕರಲ್ಲಿ ಮೂರು ಜಾಗ ಒಣಗಿರುತ್ತವೆಂಬ ಅರ್ಧ ಮಾತನ್ನು ಕೇಳಿಸಿಕೊಂಡಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಒಂದು ಬೆಳಗು ಹವೆಯಿಂದ ಕೆಡುವ ಸಂಭವ ನಾಲ್ಕರಲ್ಲಿ ಒಂದು ಎಂದಿಟ್ಟುಕೊಳ್ಳಿ. ಎರಡು ಬೆಳಗೂ ಕೆಡುವ ಸಂಭವ ಹದಿನಾರರಲ್ಲಿ ಒಂದು. ಮೂರೂ ಕೆಡುವುದು 64ರಲ್ಲಿ ಒಂದು. ಒಂದು ದಿನದಲ್ಲಿ ಹೋಗಿ ಬರುವ ಬದಲು ಎರಡು ರಾತ್ರಿ ಉಳಿದು ಮೂರು ಬೆಳಗುಗಳನ್ನು ಕೈಯಲ್ಲಿಟ್ಟುಕೊಂಡರೆ ಅನಿಶ್ಚಿತತೆ ಇಷ್ಟು ಕರಗುತ್ತದೆ. ಈ ಲೆಕ್ಕ ಒಂದು ದಿನದ ಹವೆಗೂ ಮರುದಿನದ ಹವೆಗೂ ಸಂಬಂಧವಿಲ್ಲ ಎಂದು ನಂಬಿ ಮಾಡಿದ್ದು. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎದ್ದಾಗ ಮೂರು ದಿನವೂ ಒಟ್ಟಿಗೇ ಕೆಡುತ್ತವೆ. ಅಂಥ ದೊಡ್ಡ ವ್ಯವಸ್ಥೆಯನ್ನು ಇಲಾಖೆ ದಿನಗಳ ಮೊದಲೇ ಹೇಳಿಬಿಡುತ್ತದೆ. ಅದು ಕಂಡಾಗ ಮಾತ್ರ ಪ್ರವಾಸವನ್ನೇ ಮುಂದೂಡಿ.

ಮೂರನೆಯದು ಇಂದು ಎಲ್ಲಿಗೆ ಎಂಬುದು. ಇದಕ್ಕೆ ಅಂದಿನ ಬೆಳಗಿನ ಉಪಗ್ರಹ ಚಿತ್ರ ಮತ್ತು ಮೂರು ಗಂಟೆಗಳ ತತ್‌ಕ್ಷಣದ ಮುನ್ಸೂಚನೆ ನೋಡಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಮಾಪಕಗಳನ್ನು ಇಟ್ಟಿದೆ. ಹಿಂದಿನ ರಾತ್ರಿ ಯಾವ ಹೋಬಳಿಯಲ್ಲಿ ಎಷ್ಟು ಮಳೆ ಬಿತ್ತೆಂದು ಅದರಿಂದ ತಿಳಿಯುತ್ತದೆ.

ನಾಲ್ಕನೆಯದು ಈಗ ಇಲ್ಲಿ ನಿಲ್ಲಬೇಕೋ, ಹೊರಡಬೇಕೋ ಎಂಬುದು. ಇದಕ್ಕೆ ಬೇಕಾದ ಉಪಕರಣ ಕಣ್ಣು, ಕಿವಿ, ಮೂಗು. ಸಾಯುತ್ತಿರುವ ಗುಡುಗು ಮೋಡದಿಂದ ಹೊರಟ ತಣ್ಣನೆ ಗಾಳಿ ಮಳೆಗಿಂತ ಮುಂಚೆ ಬಂದು ಮುಟ್ಟುತ್ತದೆ. ಅದರೊಡನೆ ಹಸಿಮಣ್ಣಿನ ವಾಸನೆಯೂ ಬರುತ್ತದೆ. ಆಸ್ಟ್ರೇಲಿಯದ ಬೇರ್ ಮತ್ತು ಥಾಮಸ್ 1964ರಲ್ಲಿ ಈ ವಾಸನೆಯ ಮೂಲವನ್ನು ವಿವರಿಸಿದರು. ಒಣ ನೆಲದಲ್ಲಿ ಸೇರಿದ ಎಣ್ಣೆಯಂಶಗಳು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ವಸ್ತುಗಳು ತೇವ ತಾಗಿದಾಗ ಗಾಳಿಗೆ ಬಿಡುಗಡೆಯಾಗುತ್ತವೆ. ಮಳೆ ಕಾಣದಿದ್ದರೂ ವಾಸನೆ ಬಂದರೆ ಮೋಡ ಹತ್ತಿರದಲ್ಲಿದೆ. ಕ್ಯಾಮೆರಾ ಚೀಲ ಮುಚ್ಚಿ ನಡೆಯಲು ಅದೇ ಸೂಚನೆ.

ನಾಲ್ಕು ಊರು, ಬೇರೆ ಬೇರೆ ಹೊತ್ತು

ಈ ಸೀಮೆಯ ಅನುಕೂಲವೆಂದರೆ ನೋಡಬೇಕಾದ ಜೀವಿಗಳ ಹೊತ್ತು ಬೇರೆ ಬೇರೆ. ಒಂದು ಕೆಟ್ಟರೆ ಇನ್ನೊಂದು ಕಾದಿರುತ್ತದೆ.

ಕನಕಪುರದ ಸಂಗಮ, ಗಾಳಿಬೋರೆ ಕಡೆಯ ನದಿದಂಡೆ ಸೂರ್ಯೋದಯದ ಹೊತ್ತಿಗೆ. ಹೆಬ್ಬಳಿಲಿನ ಜೊತೆಗೆ ನೀರುನಾಯಿ, ಮೊಸಳೆ, ಮೀನುಗಿಡುಗಗಳೂ ಅಲ್ಲಿವೆ. ದಟ್ಟ ನೆರಳಿನಲ್ಲಿ ಬೆಳಕು ಕಡಿಮೆ. 400 ಮಿ.ಮೀ. ಲೆನ್ಸ್ ಕೈಯಲ್ಲಿ ಹಿಡಿದು ತೆಗೆಯುವವರು ಸೆಕೆಂಡಿನ 400ನೇ ಒಂದು ಭಾಗಕ್ಕಿಂತ ನಿಧಾನವಾದ ಶಟರ್ ವೇಗಕ್ಕೆ ಇಳಿಯದಿದ್ದರೆ ಚಿತ್ರ ಅಲುಗುವುದು ತಪ್ಪುತ್ತದೆ. ಮೋಡ ಕವಿದ ಬೆಳಗಿನಲ್ಲಿ ಐಎಸ್‌ಒ ಏರಿಸಲು ಹಿಂಜರಿಯಬೇಡಿ. ಚಿತ್ರ ಸ್ವಲ್ಪ ಕಾಳುಕಾಳಾದರೂ ಪ್ರಾಣಿ ಸ್ಪಷ್ಟವಾಗಿರುತ್ತದೆ.

ರಾಮನಗರದ ರಾಮದೇವರ ಬೆಟ್ಟಕ್ಕೆ ಅಷ್ಟು ಬೇಗ ಹೋಗುವ ಅವಸರವಿಲ್ಲ. 346 ಹೆಕ್ಟೇರಿನ ಈ ಜಾಗವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ದೇಶದಲ್ಲಿ ಅಂಥದ್ದು ಇದೇ ಮೊದಲು. ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನ ಈ ಬಂಡೆಗಳ ಕಡಿದಾದ ಮೈಯಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಮಾಡುತ್ತವೆ. ಭಾರವಾದ ಈ ಹಕ್ಕಿ ರೆಕ್ಕೆ ಬಡಿದು ದೂರ ಹಾರಲಾರದು. ಬಂಡೆ ಕಾದು ಬಿಸಿಗಾಳಿಯ ಕಂಬ ಏಳುವವರೆಗೆ, ಅಂದರೆ ಒಂಬತ್ತು ಹತ್ತು ಗಂಟೆಯವರೆಗೆ, ಅದು ಕೂತೇ ಇರುತ್ತದೆ. ಅಳಿಲನ್ನು ನೆರಳಿಗೆ ಅಟ್ಟುವ ಬಿಸಿಲೇ ಹದ್ದನ್ನು ಮೇಲಕ್ಕೆತ್ತುತ್ತದೆ. ಇವುಗಳ ಸಂಖ್ಯೆ ಈಗ ತೀರಾ ಕಡಿಮೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ ದೇಶದ ರಣಹದ್ದುಗಳನ್ನು ಕೊಂದಿತು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಿದ ನಂತರವೂ ಚೇತರಿಕೆ ನಿಧಾನ. ಆದ್ದರಿಂದ ಗೂಡಿನ ಬಂಡೆಗಳಿಂದ ದೂರ ನಿಂತೇ ನೋಡಬೇಕು.

ಮಾಗಡಿಯ ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಏಕಶಿಲೆ. ಅದರ ಬುಡದ ಕಾಡಿನಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಅಪರೂಪದ ಹಕ್ಕಿ ಸಿಗುತ್ತದೆ. ಬೋಳು ಬಂಡೆಯ ಮೇಲೆ ಸಿಡಿಲಿಗೆ ಮನುಷ್ಯನೇ ಎತ್ತರದ ಗುರಿ. ಬೇಸಿಗೆ ಮಳೆಯ ಕಾಲದಲ್ಲಿ ಮಧ್ಯಾಹ್ನ ಹನ್ನೆರಡರ ಮೇಲೆ ಅಲ್ಲಿ ಇರಬಾರದು. ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣವನ್ನು ನಿಲ್ಲಿಸುವುದೂ ಉಂಟು; ಮೊದಲೇ ವಿಚಾರಿಸಿ.

ಚನ್ನಪಟ್ಟಣದ ಮಾವಿನ ತೋಪು, ತೆಂಗಿನ ತೋಟಗಳು ಹವೆ ಕೆಟ್ಟ ದಿನದ ಆಸರೆ. ಮೂರು ಗೆರೆಯ ನಮ್ಮ ಮನೆಯಳಿಲು ಅಲ್ಲಿ ಎಲ್ಲೆಲ್ಲೂ ಇದೆ. ಮಳೆ ಬಿಟ್ಟು ಅರ್ಧ ಗಂಟೆಯಲ್ಲಿ ಅದು ಕೊಂಬೆಗೆ ಬಂದು ಮೈ ಒಣಗಿಸಿಕೊಳ್ಳುತ್ತದೆ. ಹೆಬ್ಬಳಿಲಿಗೆ ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗುರುವಿಲ್ಲ. ತೋಟದವರನ್ನು ಕೇಳಿಯೇ ಒಳಗೆ ಹೋಗಿ. ಆಲಿಕಲ್ಲು ಬಿದ್ದು ಮಿಡಿಗಾಯಿ ನೆಲ ಸೇರಿದ ದಿನ ಅವರ ಪಾಲಿಗೆ ಅದು ವರ್ಷದ ದುಡಿಮೆ ಹೋದ ದಿನ. ಅಂದು ಕ್ಯಾಮೆರಾ ಹೊರತೆಗೆಯುವ ಮೊದಲು ಒಂದು ಮಾತು ಕೇಳುವುದು ಮನುಷ್ಯತ್ವ.

ಎಚ್ಚರದ ಮಾತುಗಳು

ಮಿಂಚು ಕಂಡ ಮೇಲೆ ಎಣಿಸಿ. ಸದ್ದು ಒಂದು ಕಿ.ಮೀ. ಸಾಗಲು ಸುಮಾರು ಮೂರು ಸೆಕೆಂಡು ಬೇಕು. 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ, ಅಂದರೆ ನೀವು ಅದರ ಕೈಗೆಟುಕುವ ದೂರದಲ್ಲಿದ್ದೀರಿ. ಕಟ್ಟಡದೊಳಗೋ ಕಾರಿನೊಳಗೋ ಸೇರಿ, ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಬರಬೇಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತಲ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದಾಗ ಈ ಎಣಿಕೆಯೇ ಗತಿ.

ಸಂಗಮದಲ್ಲಿ ಬೇಸಿಗೆಯ ನೀರು ಮೊಣಕಾಲಿನಷ್ಟಿದೆ ಎಂದು ಹೊಳೆ ದಾಟುವವರು ನೆನಪಿಡಬೇಕಾದದ್ದು, ಇಲ್ಲಿ ಬಿಸಿಲಿದ್ದರೂ ಮೇಲಿನ ಊರುಗಳಲ್ಲಿ ಸುರಿದ ಮಳೆ ನೀರಿನ ಮಟ್ಟವನ್ನು ಏರಿಸಬಹುದು. ಸಂಗಮದ ಬಳಿಯ ಮೇಕೆದಾಟಿನ ಬಂಡೆಗಳು ಸವೆದು ನುಣುಪಾಗಿವೆ; ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ. ಕನಕಪುರ, ಚನ್ನಪಟ್ಟಣದ ಕಾಡಂಚಿನ ಹಳ್ಳಿಗಳಲ್ಲಿ ಮಾವು, ಹಲಸಿನ ಕಾಲಕ್ಕೆ ಆನೆಗಳು ತೋಟಕ್ಕಿಳಿಯುತ್ತವೆ. ಬೆಳಕು ಹರಿಯುವ ಮೊದಲು ಕಾಲುನಡಿಗೆಯಲ್ಲಿ ಹೊರಡಬೇಡಿ. ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿ ಮತ್ತು ಊರಿನ ಮಾರ್ಗದರ್ಶಿ ಇಲ್ಲದೆ ಹೆಜ್ಜೆ ಇಡಬೇಡಿ. ಅಳಿಲನ್ನು ಕರೆಯಲು ತಿಂಡಿ ಎಸೆಯುವುದು, ಧ್ವನಿಮುದ್ರಿಕೆ ಹಾಕುವುದು, ಗೂಡಿನ ಮರವನ್ನು ಅಲುಗಾಡಿಸುವುದು ಮೂರೂ ಅದರ ಬದುಕಿಗೆ ಕೇಡು.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಈ ಪ್ರಾಣಿಯನ್ನು ಅಪಾಯದ ಅಂಚಿಗೆ ಸಮೀಪದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿಟ್ಟಿದೆ. ಮೇಕೆದಾಟಿನಲ್ಲಿ ಯೋಜಿಸಿರುವ ಅಣೆಕಟ್ಟು ಬಂದರೆ ಕಾವೇರಿ ಧಾಮದ ಕಾಡಿನ ಒಂದು ಭಾಗ ಮುಳುಗುತ್ತದೆ. ಮುಳುಗುವ ಕಾಡಿನಲ್ಲಿ ಮೊದಲು ಹೋಗುವುದು ನದಿದಂಡೆಯ ಈ ಮರಸಾಲೇ. ಬೇಸಿಗೆಯಲ್ಲಿ ಸೆಕೆ ಏರಿ ಮಳೆಯ ಹೊತ್ತು ಬದಲಾದರೆ ಹೆಬ್ಬಳಿಲಿನ ದಿನಚರಿ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯಲು ಕೆಲವೇ ವಿಜ್ಞಾನಿಗಳ ಕೆಲವು ದಿನದ ಭೇಟಿ ಸಾಲದು. ಪ್ರತಿ ವಾರಾಂತ್ಯ ಈ ದಂಡೆಗೆ ಬರುವ ನೂರಾರು ಜನರ ಕಣ್ಣು ಬೇಕು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಹೆಬ್ಬಳಿಲು ಕಂಡರೆ ಚಿತ್ರದ ಜೊತೆಗೆ ದಿನಾಂಕ, ಗಂಟೆ, ಮರದ ಹೆಸರು, ಮೋಡವಿತ್ತೇ, ಗಾಳಿಯಿತ್ತೇ, ಹಿಂದಿನ ಸಂಜೆ ಮಳೆ ಬಿದ್ದಿತ್ತೇ ಎಂಬುದನ್ನೂ ಬರೆದಿಡಿ. ಕಾಣದಿದ್ದರೂ ಬರೆದಿಡಿ, ಕಾಣದ ದಿನಗಳ ಲೆಕ್ಕವಿಲ್ಲದೆ ಕಂಡ ದಿನಗಳಿಗೆ ಅರ್ಥ ಬರುವುದಿಲ್ಲ. ಗೂಡಿನ ನಿಖರ ಜಾಗವನ್ನು ಗುಟ್ಟಾಗಿಟ್ಟು, ಉಳಿದ ವಿವರವನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಸೇರಿಸಿ, ಒಂದು ಪ್ರತಿಯನ್ನು ಸ್ಥಳೀಯ ಅರಣ್ಯಾಧಿಕಾರಿಗೆ ಕೊಡಿ.